ಹೆಡ್‌ಲೈಟ್ ಇಲ್ಲದ ಗಾಡಿ

ಮೊಣಕಾಲು ನೋವಿಗೆ ಹರಳೆಣ್ಣೆಯನ್ನು ಬಿಸಿ ಮಾಡಿ ಹಚ್ಚಬೇಕೆಂಬುದು ನನ್ನ ಹೆಂಡತಿ ಸುಮಿತ್ರಾಳ ವೈದ್ಯಶಾಸ್ತ್ರ. ಮೊನ್ನೆ ಬೆಳಿಗ್ಗೆ ಒಲೆಯ ಮೇಲಿಟ್ಟ ಎಣ್ಣೆ ಸ್ವಲ್ಪ ಹೆಚ್ಚೇ ಕಾದು, ಅಡುಗೆಮನೆಯಿಂದ ತೆಳ್ಳನೆಯ ಹೊಗೆ ಹೊರಟು ನಾನು ಕೂತ ಕುರ್ಚಿಯ ತನಕ ಬಂತು. ಆ ವಾಸನೆಗೆ ನಿಮಗಾದರೆ ಅಜ್ಜಿ ನೆನಪಾಗಬಹುದು, ಇಲ್ಲವೇ ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿದ ಭೇದಿಯೌಷಧ ನೆನಪಾಗಬಹುದು. ನನಗೆ ನೆನಪಾದದ್ದು ಒಂದು ಮೋಟೋಕ್ರಾಸ್ ಬೈಕು. ಮಣ್ಣಿನ ದಿಬ್ಬಗಳ ಮೇಲೆ ಹಾರಿಸುತ್ತ, ಕೆಸರಿನಲ್ಲಿ ಹೊರಳಿಸುತ್ತ ಓಡಿಸುವ ರೇಸಿನ ಬೈಕು. ಹಳೆಯ ಕಾಲದಲ್ಲಿ ಅಂಥ ಗಾಡಿಗಳ ಪೆಟ್ರೋಲಿಗೆ ಹರಳೆಣ್ಣೆಯ ಜಾತಿಯ ಎಣ್ಣೆ ಬೆರೆಸುತ್ತಿದ್ದರು. ಅದರ ಹೊಗೆಯನ್ನು ಒಮ್ಮೆ ಮೂಸಿದ ಮೂಗು ಮತ್ತೆ ಮರೆಯುವುದಿಲ್ಲ. ನನ್ನದಂತೂ ದುಬಾರಿ ಬೆಲೆ ತೆತ್ತು ಮೂಸಿದ ಮೂಗು.

ಮೊದಲು ನನ್ನ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಅಹಮದಾಬಾದಿಗೆ ಬಂದು, ನರೋಡಾದಲ್ಲಿ ಹಳೆಯ ಮೋಟಾರು, ಬೇರಿಂಗುಗಳನ್ನು ಕೊಂಡು ಮಾರುತ್ತ ಮನೆ ಕಟ್ಟಿಸಿದವನು ನಾನು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸುದ್ದಿ ತೊಂಬತ್ತರ ದಶಕದಲ್ಲಿ ಇಲ್ಲಿಯ ಕನ್ನಡದ ಮನೆಗಳಲ್ಲೆಲ್ಲ ಹರಡಿತ್ತು. ಹರಡಿದವನೂ ನಾನೇ. ಬ್ಯಾಂಕಿನವರು ವರ್ಗವಾಗಿ ಬಂದರೆ ಫ್ರಿಜ್ ಕೊಡಿಸಲು ನಾನು. ರೈಲ್ವೆಯವರ ಮಗಳ ಮದುವೆಗೆ ಸೂರತ್ತಿನಿಂದ ಸೀರೆ ತರಲು ನಾನು. ಕರೆಯದಿದ್ದರೂ ಹೋಗುತ್ತಿದ್ದೆನೆಂದು ಸುಮಿತ್ರಾ ಹೇಳುತ್ತಾಳೆ. ಇರಬಹುದು.

ಹೀಗಿರುವಾಗ ಶೇಷಾದ್ರಿ ನನ್ನ ಕೈಗೆ ಸಿಕ್ಕಿದರು. ಮೈಸೂರಿನವರು, ವಡೋದರಾ ಪಕ್ಕದ ಕೊಯಾಲಿಯ ರಿಫೈನರಿಯಲ್ಲಿ ಎಂಜಿನಿಯರು. ಮೆತ್ತನೆಯ ಮನುಷ್ಯ. ಮಾರುವವನು ಹೇಳಿದ ಬೆಲೆಗೇ ಅವರು ಮರುಮಾತಿಲ್ಲದೆ ಟೊಮ್ಯಾಟೊ ಕೊಂಡರೆ, ಅವನೇ ನಾಚಿಕೊಂಡು ನಾಲ್ಕು ಹೆಚ್ಚು ಹಾಕುತ್ತಿದ್ದ. ಕಾಲೇಜು ಓದುವಾಗ ಒಮ್ಮೆ ಮಣ್ಣಿನ ದಿಬ್ಬದ ಹಿಂದೆ ಕೂತು ರೇಸು ನೋಡುತ್ತಿದ್ದರಂತೆ. ಒಂದು ಬೈಕು ಅವರ ತಲೆಯ ಮೇಲಿನಿಂದಲೇ ಹಾರಿ ಹೋಯಿತಂತೆ. ಅದು ಚೆಕೊಸ್ಲೊವಾಕಿಯಾದ್ದು. ಅಂದಿನಿಂದ ಆ ಬೈಕಿನದೇ ಧ್ಯಾನ. ಐವತ್ತು ಸಮೀಪಿಸಿದ್ದರೂ ಮಹೀ ನದಿಯ ಕೊರಕಲುಗಳಲ್ಲಿ ವಾಕಿಂಗ್ ಹೋದಾಗ, ಯಾವ ದಿಬ್ಬವನ್ನು ಎಲ್ಲಿಂದ ಹತ್ತಬೇಕೆಂದು ಮನಸ್ಸಿನಲ್ಲೇ ಗುರುತು ಹಾಕುತ್ತಿದ್ದರು. ಸೂರತ್ತಿನಲ್ಲಿ ಕಾವಸ್‌ಜಿ ಎಂಬ ಪಾರ್ಸಿ ಮುದುಕರೊಬ್ಬರ ಶೆಡ್ಡಿನಲ್ಲಿ ಅದೇ ಜಾತಿಯ ಬೈಕು ಮಾರಾಟಕ್ಕಿದೆಯೆಂದು ತಿಳಿದ ದಿನವೇ ಶೇಷಾದ್ರಿ ನನ್ನ ಮನೆಗೆ ಬಂದರು.

"ಶೇಷಾದ್ರಿಯವರ, ನಾನು ಬರತೀನಿ. ಆದ್ರ ನೀವು ಅಲ್ಲಿ ಬಾಯಿ ಬಿಡೂ ಹಂಗಿಲ್ಲ," ಎಂದೆ.

"ಆಗ್ಲಿ ಸಾರ್."

ಕಾವಸ್‌ಜಿ ನಮಗೆ ಪುದೀನಾ ಹಾಕಿದ ಚಹಾ ಕೊಟ್ಟು, ಬೈಕಿನ ಮೇಲಿನ ಚಾದರ ಎಳೆದರು. ನನಗೆ ಒಳಗೊಳಗೇ ಹಬ್ಬ! ಗಾಡಿಯಲ್ಲಿ ಅರ್ಧಕ್ಕರ್ಧ ಸಾಮಾನೇ ಇರಲಿಲ್ಲ.

"ಹೆಡ್‌ಲೈಟ್ ನಥೀ," ಎಂದೆ ನನ್ನ ನರೋಡಾ ಗುಜರಾತಿಯಲ್ಲಿ.

ಮುದುಕರು ಬಗ್ಗಿ ನೋಡಿ, "ಸಾಚಿ ವಾತ್, ಡೀಕರಾ," ಎಂದು ಒಪ್ಪಿಕೊಂಡರು. ನಿಜವಪ್ಪ, ಇಲ್ಲ ಎಂದು. ಬೆಲೆ ಸ್ವಲ್ಪ ಇಳಿಸಿದರು.

ಹಾರ್ನ್ ನಥೀ ಎಂದೆ. ಇಳಿಸಿದರು. ಸ್ಪೀಡೋಮೀಟರು, ಹಿಂದಿನ ಸೀಟು, ಸ್ಟ್ಯಾಂಡು, ಒಂದೂ ಇಲ್ಲ. ಒಂದೊಂದಕ್ಕೂ ಇಳಿಸುತ್ತ ಬಂದರು. ನಡುವೆ ಶೇಷಾದ್ರಿ, "ಸಾರ್, ಅದಕ್ಕೆ ಹೆಡ್‌ಲೈಟು..." ಎಂದು ಶುರುಮಾಡಿದಾಗ ಅವರ ಕಾಲು ತುಳಿದು ಸುಮ್ಮನಾಗಿಸಿದೆ. ಕೊನೆಗೆ ಹೊಟ್ಟೆಯುಬ್ಬಿದ ಸೈಲೆನ್ಸರು ತೋರಿಸಿ, ಇದು ಎಲ್ಲೋ ಬಡಿದು ಊದಿಕೊಂಡಿದೆ ಎಂದೆ. ಕಾವಸ್‌ಜಿ ಒಂದು ಕ್ಷಣ ಗೋಡೆಯ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮೆಂದೇ ನಾನು ಬಹಳ ಕಾಲ ನಂಬಿದ್ದೆ. ಅದಕ್ಕೂ ಒಂದಿಷ್ಟು ಇಳಿಯಿತು.

ವಾಪಸು ಬರುವಾಗ ರೈಲಿನಲ್ಲಿ ನನ್ನ ಪರಾಕ್ರಮವನ್ನು ನಾನೇ ಮೂರು ಸಲ ವರ್ಣಿಸಿದೆ. ಶೇಷಾದ್ರಿ ಕಿಟಕಿಯಾಚೆ ನೋಡುತ್ತ ನಗುತ್ತಿದ್ದರು. ಅವರ ರಿಫೈನರಿಯ ಟೌನ್‌ಷಿಪ್ಪಿನಲ್ಲಿ ಬೈಕಿಡಲು ಜಾಗವಿರಲಿಲ್ಲವಾಗಿ ಅದು ನರೋಡಾದ ನನ್ನ ಗೋಡೌನಿಗೆ ಬಂತು. ಅಷ್ಟರಲ್ಲಿ ಅವರಿಗೆ ಇನ್ನೊಂದು ರಿಫೈನರಿಗೆ ಕೆಲವು ತಿಂಗಳ ಮಟ್ಟಿಗೆ ಡ್ಯೂಟಿ ಬಿತ್ತು. ಹೊರಡುವಾಗ, "ಏನೂ ಮಾಡ್ಬೇಡಿ ಸಾರ್, ಸುಮ್ನೆ ಇಟ್ಟಿರಿ. ಬಂದು ನಾನೇ ಬಿಚ್ಚಿ ನೋಡ್ತೀನಿ," ಎಂದರು.

ಏನೂ ಮಾಡಬೇಡಿ! ಈ ಮಾತನ್ನು ಯಾರಿಗಾದರೂ ಹೇಳಿ, ಸ್ವಂತ ಕಾಲ ಮೇಲೆ ನಿಂತು ಮೇಲೆ ಬಂದವನಿಗೆ ಮಾತ್ರ ಹೇಳಬೇಡಿ. ಸ್ನೇಹಿತನನ್ನು ಬೆರಗುಗೊಳಿಸಬೇಕೆಂಬ ಹುಮ್ಮಸ್ಸು ಹತ್ತಿತು. ದುಂಡನೆಯ ಹೆಡ್‌ಲೈಟು ಕೂತಿತು, ಹಾರ್ನು ಬಂತು. ಶೇಷಾದ್ರಿಯವರ ಮನೆಯವರು ಆರಾಮಾಗಿ ಕೂರಲೆಂದು ಹಿಂದೆ ಮೆತ್ತನೆಯ ಸೀಟು, ಅವರ ಸೀರೆ ಚಕ್ರಕ್ಕೆ ಸಿಗದಿರಲೆಂದು ಜಾಲರಿ. ಕಿತ್ತುಹೋದ ಬಣ್ಣವನ್ನು ಪೂರ್ತಿ ಕೆರೆಸಿ ಮರೂನು ಹೊಡೆಸಿದೆ. ಊದಿಕೊಂಡ ಸೈಲೆನ್ಸರನ್ನು ಗುಜರಿಯವನಿಗೆ ತೂಕಕ್ಕೆ ಹಾಕಿ, ಕನ್ನಡಿಯಂತೆ ಹೊಳೆಯುವ ನೆಟ್ಟನೆಯದೊಂದನ್ನು ಕೂರಿಸಿದೆ. ಗೋಡೌನಿಗೆ ಬಂದವರೆಲ್ಲ "ವಾಹ್" ಎಂದರು. ನನ್ನ ಗೋಡೌನಿಗೆ ಬರುವವರಿಗೆ ನನ್ನಿಂದ ಕೆಲಸವಿರುತ್ತದೆಂಬುದು ಆಗ ಹೊಳೆಯಲಿಲ್ಲ.

ಶೇಷಾದ್ರಿ ಬಂದರು. ಸುಮಿತ್ರಾ ಆರತಿ ತಟ್ಟೆಯನ್ನೇ ತಂದಿದ್ದಳು. ನಾನು ಚಾದರ ಎಳೆದು ಹಾರ್ನು ಒತ್ತಿದೆ. ಅವರು ಬೈಕಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಬಹಳ ಮೆಲ್ಲಗೆ ಕೇಳಿದರು: "ಸಾರ್, ಇದರ ಸೈಲೆನ್ಸರ್ ಎಲ್ಲಿ?"

"ಮಾರಿಬಿಟ್ಟೆ. ಊದಿಕೊಂಡಿತ್ತಲ್ರಿ."

ಅವರು ಅಲ್ಲೇ ಒಂದು ಬೇರಿಂಗ್ ಪೆಟ್ಟಿಗೆಯ ಮೇಲೆ ಕೂತರು. ಮೋಟೋಕ್ರಾಸ್ ಬೈಕಿಗೆ ಹೆಡ್‌ಲೈಟು, ಹಾರ್ನು, ಹಿಂದಿನ ಸೀಟು ಹುಟ್ಟಾ ಇರುವುದಿಲ್ಲವೆಂದು ನನಗೆ ತಿಳಿದದ್ದು ಆಗ. ಸೈಲೆನ್ಸರಿನ ಹೊಟ್ಟೆ ಉಬ್ಬಿರಲೇಬೇಕಂತೆ, ಎಂಜಿನ್ನಿನ ಅರ್ಧ ಶಕ್ತಿ ಅಲ್ಲಿಂದಲೇ ಬರುವುದಂತೆ. ಅಂಥದ್ದು ಮತ್ತೆ ಸಿಗುವುದಿಲ್ಲ; ಬೈಕು ತಯಾರಾದ ದೇಶವೇ ಆ ಹೊತ್ತಿಗೆ ಎರಡು ಹೋಳಾಗಿತ್ತು, ಯಾವ ಹೋಳನ್ನು ಕೇಳುವುದು? ಇರದ ಸಾಮಾನಿಗೆಲ್ಲ ಬೆಲೆ ಇಳಿಸಿಕೊಟ್ಟ ಕಾವಸ್‌ಜಿ, ಆ ಬೆಲೆಯನ್ನು ಮೊದಲೇ ಏರಿಸಿಟ್ಟಿದ್ದರೆಂದೂ ಆಗಲೇ ಅರ್ಥವಾಯಿತು.

"ಅವತ್ತ ರೈಲಿನ್ಯಾಗರೆ ಹೇಳಬಾರದಿತ್ತೇನ್ರಿ?"

"ನೀವು ಅಷ್ಟು ಖುಷಿಯಾಗಿದ್ರಿ ಸಾರ್. ಯಾಕೆ ಕೆಡಿಸೋದು ಅಂತ..."

ಸುಮಿತ್ರಾ ಆರತಿ ತಟ್ಟೆಯನ್ನು ಹಾಗೇ ಹಿಡಿದುಕೊಂಡು, "ನಿಮ್ಮ ಶಾಣ್ಯಾತನಕ್ಕ ದೃಷ್ಟಿ ತಗೀಲೇನು?" ಎಂದಳು.

ಓದುಗರೇ, ಹಳೆಯ ರೇಸಿನ ಬೈಕು ಕೊಳ್ಳುವ ಆಸೆ ನಿಮಗಿದ್ದರೆ ಬಿಟ್ಟಿ ಸಲಹೆ ಕೊಡುತ್ತೇನೆ. ತುಕ್ಕು ಇದ್ದರೆ ಇರಲಿ. ಬಣ್ಣ ಮುಟ್ಟಬೇಡಿ. ಕೆರೆದ ಬಣ್ಣದ ಜೊತೆಗೆ ಬೆಲೆಯ ಕಾಲುಭಾಗವೂ ನೆಲಕ್ಕೆ ಉದುರುತ್ತದೆ. ಇಂಥ ಗಾಡಿಯ ರಿಪೇರಿಯಲ್ಲಿ ಹೆಚ್ಚು ಖರ್ಚು ಬರುವುದು ಕೆಟ್ಟದ್ದನ್ನು ಸರಿಮಾಡುವುದಕ್ಕಲ್ಲ, ನನ್ನಂಥವರು ಸರಿಮಾಡಿದ್ದನ್ನು ಬಿಚ್ಚುವುದಕ್ಕೆ.

ಗುಜರಿಯವನನ್ನು ಹಿಡಿದು ಕೇಳಿದಾಗ, ಆ ಮಾಲೆಲ್ಲ ಸಾಬರಮತಿ ದಂಡೆಯ ಭಾನುವಾರದ ಸಂತೆಗೆ ಹೋಗಿದೆ ಎಂದ. ನಾವಿಬ್ಬರೂ ಹೋದೆವು. ಮುರಿದ ಮಂಚ, ಹಾರ್ಮೋನಿಯಂ, ಗಡಿಯಾರದ ಹೊಟ್ಟೆಗಳು, ಎಲ್ಲ ದಾಟಿ ದಾಟಿ ಮಧ್ಯಾಹ್ನವಾಯಿತು. ಆಗ ಕಂಡಿತು. ಒಬ್ಬ ಮುದುಕಿ ಅದನ್ನು ಮರಳಿನಲ್ಲಿ ನೆಟ್ಟು, ಅದರ ತುದಿಗೆ ತನ್ನ ನೆರಳಿನ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಿದ್ದಳು. ನಾನು ಪದ್ಧತಿಯಂತೆ ಬೇರೆ ಕಡೆ ನೋಡುತ್ತ ಕಬ್ಬಿಣದ ಬಾಣಲೆಯ ಬೆಲೆ ಕೇಳಲು ಶುರುಮಾಡಿದೆ. ಶೇಷಾದ್ರಿ ಸೀದಾ ಓಡಿಹೋಗಿ ಮಂಡಿಯೂರಿ ಸೈಲೆನ್ಸರನ್ನು ತಬ್ಬಿಕೊಂಡುಬಿಟ್ಟರು!

ಮುದುಕಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಬೋಲೋ ಶೇಠ್, ಕೇಟಲಾ ಆಪಶೋ?" ಎಷ್ಟು ಕೊಡುತ್ತೀರಿ ಎಂದು. ಆಮೇಲೆ ತಾನೇ ಒಂದು ಬೆಲೆ ಹೇಳಿದಳು. ಆ ಬೆಲೆಗೆ ಅಂದು ಹೊಸ ಮೋಟಾರು ಬರುತ್ತಿತ್ತು. ನಾನು ಬಾಯಿ ತೆರೆದೆ, ಮುಚ್ಚಿದೆ, ದುಡ್ಡು ಎಣಿಸಿ ಕೊಟ್ಟೆ. ಚೌಕಾಸಿಯೇ ಇಲ್ಲದೆ ಕೊಟ್ಟದ್ದು ನೋಡಿ, ತಾನೇ ಮೋಸಹೋದೆನೆಂದು ಆಕೆಗೆ ಅನುಮಾನ ಬಂತು. ನೆರಳಿಗೆ ಬಿದಿರಿನ ಗಳವನ್ನೂ ಕೊಡಿಸು ಎಂದಳು. ಶೇಷಾದ್ರಿ ಗಳ ತರುವ ತನಕ ನಾನು ಎರಡೂ ಕೈಯೆತ್ತಿ ಪ್ಲಾಸ್ಟಿಕ್ ಹಾಳೆ ಹಿಡಿದು ನಿಂತಿದ್ದೆ. ಪರಿಚಯದ ಇಬ್ಬರು ವ್ಯಾಪಾರಿಗಳು ಅದೇ ಹೊತ್ತಿಗೆ ಆ ದಾರಿಯಲ್ಲಿ ಬರಬೇಕೇ?

ನಾನು ಕಟ್ಟಿದ್ದನ್ನೆಲ್ಲ ಶೇಷಾದ್ರಿ ಒಂದೊಂದಾಗಿ ಬಿಚ್ಚಿದರು. ಪಿಸ್ಟನ್ನಿನ ರಿಂಗುಗಳನ್ನು ನರೋಡಾದ ಲೇತಿನಲ್ಲಿ ನಾಲ್ಕು ಸಲ ಮಾಡಿಸಿದೆವು, ಮೂರು ಸಲ ಕೆಟ್ಟವು. ಹಳೆಯ ಬಣ್ಣವೊಂದು ಮಾತ್ರ ಮರಳಿ ಬರಲಿಲ್ಲ. ಕಡೆಗೊಂದು ಬೆಳಿಗ್ಗೆ ಮಹೀ ನದಿಯ ಕೊರಕಲಿಗೆ ಟೆಂಪೋದಲ್ಲಿ ಬೈಕು ಒಯ್ದೆವು. ನೀಲಿ ಹೊಗೆ, ಹರಳೆಣ್ಣೆಯ ಘಮ, ಕಿವಿ ಹರಿಯುವಂಥ ಸದ್ದು. ಶೇಷಾದ್ರಿ ಹೊರಟು, ವರ್ಷಗಟ್ಟಲೆ ಗುರುತು ಹಾಕಿಟ್ಟ ದಿಬ್ಬವನ್ನು ಹತ್ತಿದರು. ಒಂದು ಉಸಿರಿನಷ್ಟು ಹೊತ್ತು ಎರಡೂ ಚಕ್ರದ ಕೆಳಗೆ ಬರೀ ಆಕಾಶ ಕಂಡಿತು. ತಿರುಗಿ ಬಂದಾಗ ಮುಖದ ತುಂಬ ಮಣ್ಣು. "ಸಾರ್, ನೋಡಿದ್ರಾ?" ಎಂದರು. ಕರವಸ್ತ್ರದಿಂದ ಮೊದಲು ನನ್ನ ಮುಖ ಒರೆಸಿಕೊಂಡು, ಆಮೇಲೆ ಅವರಿಗೆ ಕೊಟ್ಟೆ; ಧೂಳು ಬಹಳ ಇತ್ತು.

ಮೊನ್ನೆ ನಾನು ಇದನ್ನೆಲ್ಲ ನೆನೆಯುತ್ತ ಕಾಲು ಚಾಚಿ ಕೂತಿರುವಾಗಲೇ ಫೋನು ಬಂತು. ವಡೋದರಾದಿಂದ ಶೇಷಾದ್ರಿ. ನಿವೃತ್ತರಾದರೂ ಅಲ್ಲೇ ನೆಲೆಸಿದ್ದಾರೆ.

"ಸಾರ್, ಪುಣೆಯಿಂದ ಒಬ್ರು ಬಂದು ಕೂತಿದಾರೆ. ಹಳೇ ಬೈಕುಗಳನ್ನ ಸೇರಿಸೋರಂತೆ. ನಂದನ್ನ ಕೇಳ್ತಿದಾರೆ. ತುಂಬಾ ಒಳ್ಳೇವ್ರು, ಇಲ್ಲ ಅನ್ನೋಕೆ ಬಾಯೇ ಬರ್ತಿಲ್ಲ."

"ಕೊಡೂ ಮನಸ್ಸೈತೇನ್ರಿ?"

"ನಿನ್ನೆ ತಾನೇ ಒರೆಸಿಟ್ಟಿದ್ದೆ ಸಾರ್..." ಎಂದರು.

"ಅವನ ಕೈಗೆ ಫೋನ್ ಕೊಡ್ರಿ," ಎಂದೆ.

ಪುಣೆಯವನು ಹಿಂದಿಯಲ್ಲಿ ಒಂದು ಬೆಲೆ ಹೇಳಿದ. ಒಂದು ಸಣ್ಣ ಕಾರು ಬರುವಷ್ಟು. ಬಣ್ಣ ಅಸಲಿಯಲ್ಲವೆಂದು ಕಡಿಮೆ ಮಾಡಿದ್ದಾನಂತೆ. ಹೆದರಿ ಓಡಲಿ ಎಂದು ನಾನು ಅದರ ಮೂರು ಪಟ್ಟು ಕೇಳಿದೆ. ಆಚೆ ಕಡೆ ಉಸಿರೆಳೆದುಕೊಂಡ ಸದ್ದು. ಆಮೇಲೆ, "ಮಂಜೂರ್," ಎಂದ.

ನಮ್ಮ ಬಜಾರಿನಲ್ಲಿ ಕಾಗದಪತ್ರವಿಲ್ಲ, ನಾಲಿಗೆಯೇ ಎಲ್ಲ. ಹೇಳಿದ ಬೆಲೆಗೆ ಎದುರಿನವನು ಹೂಂ ಅಂದರೆ ಮುಗಿಯಿತು, ನಷ್ಟವಾದರೂ ಮಾಲು ಕೊಡಬೇಕು. ಹಾಗೆ ನಷ್ಟಕ್ಕೆ ಕೊಟ್ಟ ಮೋಟಾರುಗಳು ನನ್ನಲ್ಲಿ ಎಷ್ಟೋ ಆಗಿಹೋದವು. ಆಡಿದ ಮಾತಿಗೆ ಒಮ್ಮೆಯೂ ತಪ್ಪಿರಲಿಲ್ಲ.

"ನಹೀಂ ದೇನಾ ಹೈ," ಎಂದೆ.

"ಕಾಕಾ, ಆಪ್‌ನೇ ಜಬಾನ್ ದೀ ಹೈ!" ಮಾತು ಕೊಟ್ಟಿದ್ದೀರಲ್ಲ ಎಂದು.

"ದೀ ಥೀ. ವಾಪಸ್ ಲೇ ಲೀ." ಕೊಟ್ಟಿದ್ದೆ, ಹಿಂದಕ್ಕೆ ತೆಗೆದುಕೊಂಡೆ ಎಂದೆ.

ಆತ ನನ್ನನ್ನು ಮರಾಠಿಯಲ್ಲಿ ಏನೋ ಅಂದ. ಅನ್ನಬೇಕಾದದ್ದೇ. ಹಿಂದಿನಿಂದ ಶೇಷಾದ್ರಿ ಅವನಿಗೆ ಇನ್ನೊಂದು ಕಪ್ ಕಾಫಿ ತಗೊಳ್ಳಿ ಎಂದು ಉಪಚಾರ ಮಾಡುವುದು ಕೇಳಿಸುತ್ತಿತ್ತು. ದನಿಯಲ್ಲಿ ಎಂಥ ಗೆಲುವು!

ಫೋನಿಟ್ಟೆ. ಸುಮಿತ್ರಾ ಎಣ್ಣೆಯ ಬಟ್ಟಲು ಹಿಡಿದು ಪಕ್ಕಕ್ಕೆ ಬಂದು ಕೂತಳು.

"ಯಾರ ಜೋಡಿ ನಡದಿತ್ರಿ ವ್ಯಾಪಾರ?"

"ಪುಣೆಯವ ಒಬ್ಬ. ಶೇಷಾದ್ರಿಯವರ ಬೈಕಿಗೆ ಬಂದಿದ್ದ."

"ಎಷ್ಟಕ್ಕ ಮುಗೀತು?"

"ಕೇಳಿದಷ್ಟಕ್ಕೂ ಒಪ್ಪಿದ. ನಾನ ಕೊಡಲಿಲ್ಲ."

ಅವಳು ಮೊಣಕಾಲಿನ ವಿಚಾರ ಬಿಟ್ಟು, ಜ್ವರವೇನಾದರೂ ಬಂದಿದೆಯೇ ಎಂದು ಅಂಗೈ ಹಿಂಭಾಗವನ್ನು ನನ್ನ ಹಣೆಗೆ ಒತ್ತಿ ನೋಡಿದಳು.