ತೊಳೆದ ಕಡ್ಲಿಪಲ್ಲೆ

ಇವತ್ತು ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರದಲ್ಲಿ ಕಡ್ಲಿಪಲ್ಲೆ ಮಾರುವವಳ ಮೇಲೆ ರೇಗಿದೆ. ಎಳೆ ಕುಡಿಗಳ ಮೇಲೆ ನೀರು ಚಿಮುಕಿಸಿ ಇಟ್ಟಿದ್ದಳು. ಕಡಲೆ ಎಲೆಯ ಹುಳಿಯೆಲ್ಲ ಮೇಲೆಯೇ ಇರುತ್ತದೆ, ನೀರು ಬಿದ್ದರೆ ಮುಗಿಯಿತು.

“ನೀರು ಹೊಡೀದಿದ್ರ ಬಾಡ್ತದ್ರಿ, ಯಾರ ತಗೋತಾರ?” ಅಂದಳು.

ಈ ವಯಸ್ಸಿನಲ್ಲಿ ಸಿಟ್ಟಾಗುವುದೂ ದಣಿವಿನ ಕೆಲಸ. ಬರಿಗೈಯಲ್ಲಿ ಹೊರಟವನು ಬಟ್ಟೆ ಅಂಗಡಿಯ ಕಟ್ಟೆಯವರೆಗೆ ಹೋಗಿ ಕುಳಿತುಬಿಟ್ಟೆ. ಅವ್ವ ನೆನಪಾದಳು.

ನಿಜಾಮರ ಕಾಲದ ಮಾತು. ನಮ್ಮ ಮನೆ ಶಹಾಬಜಾರದಲ್ಲಿ. ಅಪ್ಪ ಕಚೇರಿಯಲ್ಲಿ ಕಾರಕೂನ. ಬರುವ ಪಗಾರ ರೊಟ್ಟಿಗೆ ಸಾಲುತ್ತಿತ್ತು, ಪಲ್ಲೆಗೆ ಸಾಲುತ್ತಿರಲಿಲ್ಲ. ಅದಕ್ಕೇ ಅವ್ವ ಪ್ರತಿ ಚಳಿಗಾಲ ನನ್ನನ್ನು ಕಟ್ಟಿಕೊಂಡು ಚಕ್ಕಡಿಯಲ್ಲಿ ಕಮಲಾಪುರದ ತವರಿಗೆ ಹೋಗುತ್ತಿದ್ದಳು. ಹೂ ಬಿಡುವ ಮುಂಚೆ ಕುಡಿ ಚಿವುಟಿದರೆ ಕಡಲೆ ಗಿಡ ಕವಲೊಡೆಯುತ್ತದೆ. ಯಾರ ಹೊಲಕ್ಕೆ ಹೋದರೂ ಬೇಡವೆನ್ನುವುದಿಲ್ಲ. ಹಾಗೆ ಚಿವುಟಿ ಒಣಗಿಸಿ ತಂದದ್ದೇ ಬೇಸಿಗೆ ಮುಗಿಯುವವರೆಗೆ ನಮ್ಮ ಪಲ್ಲೆ. ನನಗಂತೂ ಸಾಕುಸಾಕಾಗುತ್ತಿತ್ತು. ಈಗ ಅದಕ್ಕೇ ಮಾರ್ಕೆಟ್ಟಿನಲ್ಲಿ ಜಗಳ ತೆಗೆಯುತ್ತೇನೆ, ನೋಡಿ.

ತವರಿನಲ್ಲಿ ಇದ್ದ ತೊಡಕೆಂದರೆ ಮಾಮಾನ ಹೆಂಡತಿ. ಹಿಂದೊಮ್ಮೆ ಆಕೆ ಬಡಿಸಿದ ಪಲ್ಲೆಯಲ್ಲಿ ಮಣ್ಣು ಹಲ್ಲಿಗೆ ಸಿಕ್ಕಿತೆಂದು ಅವ್ವ ಬೀಗರೆದುರು ಅಂದುಬಿಟ್ಟಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವ್ವನ ತಾಟನ್ನೂ ಮಾಮಿ ನನ್ನ ಕೈಯಲ್ಲೇ ಕಳಿಸುತ್ತಿದ್ದಳು.

ಒಂದು ವರ್ಷ ಅಪ್ಪ ಜ್ವರದಲ್ಲಿ ಮಲಗಿ, ನಾವು ಹೋಗುವುದು ತಡವಾಯಿತು. ಹೊಲವೆಲ್ಲ ಹೂ. ಅವ್ವ ಬದುವಿನ ಮೇಲೆ ಕುಕ್ಕರಿಸಿದಳು.

“ಹರ್ಕೊ ತಂಗಿ,” ಅಂದ ಮಾಮಾ.

“ಹೂ ಬಿಟ್ಟದಣ್ಣಾ. ಈಗ ಹರದ್ರ ನಿನ್ನ ಕಾಳ ಹರದಂಗ ಆಗ್ತದ.”

ಬೇಸಿಗೆಗೆ ಮಕ್ಕಳ ತಾಟಿಗೆ ಏನು ಹಾಕುವುದೆಂಬ ಚಿಂತೆ ಅವಳ ಮುಖದ ಮೇಲೇ ಇತ್ತು. ಮನೆಗೆ ಬಂದರೆ ಮಾಮಿ ಗಂಟೊಂದನ್ನು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

“ನೀವು ಬರ್ಲಿಲ್ಲ, ನಾನೇ ಹರದು ಒಣಗಿಸಿಟ್ಟೀನ್ರಿ. ಮೂರು ನೀರಾಗ ತೊಳದೀನಿ. ಒಂದು ಚೂರು ಮಣ್ಣಿಲ್ಲ, ನೋಡ್ರಿ.”

ಅವ್ವ ಗಂಟು ಬಿಚ್ಚಿ ಮೂಸಿದಳು. ಹುಳಿ ವಾಸನೆಯೇ ಇರಲಿಲ್ಲ. ತನ್ನ ಮನೆಯ ಪಲ್ಲೆಯನ್ನು ಎಂದೂ ತೊಳೆಯದ ಮಾಮಿ, ನಮ್ಮದನ್ನು ತೊಳೆದಿದ್ದಳು. ಅವ್ವನ ಕಣ್ಣು ತುಂಬಿತು.

“ಛೊಲೋ ಆಗ್ಯದ್ರಿ ವೈನಿ,” ಅಂದಳು.

ಆ ಬೇಸಿಗೆಯೆಲ್ಲ ಸಪ್ಪೆ ಪಲ್ಲೆ. ಅಪ್ಪ, “ಹುಳಿ ಎಲ್ಲಿ ಹೋತು?” ಎಂದು ತಾಟು ಸರಿಸಿದರೆ, ಅವ್ವ ಹುಣಸೆಹಣ್ಣು ಕಿವುಚಿ ಹಾಕಿ, “ಸುಮ್ನ ಉಣ್ರಿ, ವೈನಿ ಕೊಟ್ಟದ್ದದ,” ಅನ್ನುತ್ತಿದ್ದಳು.

ಮೊಣಕಾಲು ಹಿಡಿದುಕೊಂಡು ಕಟ್ಟೆಯಿಂದ ಎದ್ದು ಮತ್ತೆ ಮಾರ್ಕೆಟ್ಟಿಗೆ ಹೋದೆ. ನನ್ನನ್ನು ಕಂಡು ಆ ಪಲ್ಲೆ ಮಾರುವವಳು ಮುಖ ತಿರುಗಿಸಿದಳು.

“ಪಾವ್ ಕಿಲೋ ಹಾಕವ್ವಾ,” ಅಂದೆ. “ಮನ್ಯಾಗ ಹುಣಸಿಹಣ್ಣು ಅದ.”