ನೆಲಮಾಳಿಗೆಯ ರಾಷ್ಟ್ರಗೀತೆ

ಮಗಳು ಉಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಯುದ್ಧ ಶುರುವಾದ ಮೇಲೆ ಹಾಸ್ಟೆಲಿನ ನೆಲಮಾಳಿಗೆಯೇ ಅವಳ ಮನೆ. ಆವತ್ತು ಮಧ್ಯಾಹ್ನ ಅವಳು ವಿಡಿಯೋ ಕಾಲ್ ಮಾಡಿದ್ದಾಗ, ಹಿಂದೆ ಕೂತಿದ್ದ ಅಲ್ಲಿನ ಜನ ಇದ್ದಕ್ಕಿದ್ದಂತೆ ಎದ್ದು ಹಾಡತೊಡಗಿದರು. “ಇವರ ರಾಷ್ಟ್ರಗೀತೆ ಅಮ್ಮ” ಅಂತ ಅವಳೂ ಎದ್ದಳು.

ಅರಕಲಗೂಡಿನ ಶಾಲೆಯಲ್ಲಿ ಇಪ್ಪತ್ತು ವರ್ಷ ಪ್ರಾರ್ಥನೆ ಮಾಡಿಸಿದವಳು ನಾನು. ರಾಷ್ಟ್ರಗೀತೆ ನಡೆಯುವಾಗ ಪಿಸುಗುಟ್ಟಿದ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಅಡುಗೆಮನೆಯಲ್ಲೇ ಸಾವಧಾನ್ ಭಂಗಿಯಲ್ಲಿ ನಿಂತೆ.

“ಅಮ್ಮ, ಇನ್ನೊಂದು ಮಾತು...” ಅಂತ ಮಗಳು ಬಾಯಿ ತೆಗೆದಳು. ನಾನು ಕಣ್ಣು ಕೆಕ್ಕರಿಸಿ “ಶ್!” ಅಂದುಬಿಟ್ಟೆ. ನನ್ನ ಟೀಚರ್‌ಗಿರಿಗೆ ಬೆಂಕಿ ಹಾಕ. ಪಾಪ, ಅವಳು ಬಾಯಿ ಮುಚ್ಚಿ ನೆಟ್ಟಗೆ ನಿಂತಳು. ಅಷ್ಟರಲ್ಲಿ ಏನೋ ಭಾರೀ ಸದ್ದು ಕೇಳಿಸಿತು, ಕಾಲ್ ಕಟ್ಟಾಯಿತು.

ಎಷ್ಟು ಸಲ ಮಾಡಿದರೂ ಮತ್ತೆ ಸಿಗಲಿಲ್ಲ. ನಾನು ಕೂತರೆ ಅಲ್ಲಿ ಅವಳಿಗೇನೋ ಆಗಿಬಿಡುತ್ತದೆ ಅನ್ನಿಸಿತು. ಸಂಜೆ ತೋಟದಿಂದ ಬಂದ ನಮ್ಮನೆಯವರು, “ಕೂತ್ಕಳೇ, ಯಾಕಿಂಗೆ ನಿಂತಿದ್ದೀಯ?” ಅಂದರು.

“ಹಾಡು ಇನ್ನೂ ಮುಗಿದಿಲ್ಲ ಕಣ್ರೀ” ಅಂದೆ.