ಗುರುನಾಥ ಮಾಸ್ತರ ಎನ್ನುವವನು ನಾನೇ

ಗುರುನಾಥ ಮಾಸ್ತರ ಎನ್ನುವ ಮನುಷ್ಯನೇ ಇಲ್ಲ. ಅವನು ನಾನೇ. ಚೈತ್ರಾಳ ಕಾದಂಬರಿಯ ಕೆಳಗೆ ಆ ಕೆಟ್ಟ ಮಾತು ಬರೆದವಳು ನೀವೆಲ್ಲ ‘ಪ್ರೇಮದಜ್ಜಿ’ ಎಂದು ಕರೆಯುವ ಈ ಪದ್ಮಾವತಿ. ಆಮೇಲೆ ಅದಕ್ಕಿಂತ ಕೆಟ್ಟದ್ದೊಂದು ಮಾಡಿದೆ. ಒಂದೇ ಒಂದು ಶಬ್ದ ಅದು. ಅದನ್ನೂ ಹೇಳುತ್ತೇನೆ — ಅದನ್ನು ಬಿಟ್ಟು ಬೇರೆಲ್ಲ ಹೇಳಿದರೆ ಇದು ಇನ್ನೊಂದು ಸುಳ್ಳಾಗುತ್ತದೆ.

ಇವತ್ತು ಈ ಆನ್‌ಲೈನ್ ಪುಟದಲ್ಲಿ ನನ್ನ ಎರಡನೆಯ ಪುಸ್ತಕದ ಮುಖಪುಟ ಬರಬೇಕಿತ್ತು. ನೀವು ಕಾಯುತ್ತಿದ್ದೀರಿ, ಗೊತ್ತು. ಅದು ಬರುವುದಿಲ್ಲ. ಅದರ ಜಾಗದಲ್ಲಿ ಇದು.

ಚೈತ್ರಾ ಯಾರೆಂದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಯಾಕೆಂದರೆ ಪುಸ್ತಕ ಬಿಡುಗಡೆಯ ಆ ಒಂದು ದಿನ ಬಿಟ್ಟರೆ ಅವಳು ಯಾವತ್ತೂ ಮುಂದೆ ಬಂದು ನಿಂತವಳಲ್ಲ. ನಮ್ಮ ಕೆಳಗಿನ ಮಹಡಿಯ ಮನೆಯವಳು, ಮೈಸೂರು ಕಡೆಯ ಹುಡುಗಿ. ಗಂಡ ವಿನಯ್ ಪುಣೆಯಿಂದ ದೂರದ ಕುರಕುಂಭದ ಕಾರ್ಖಾನೆಯಲ್ಲಿ ಇಂಜಿನಿಯರ್. ಬೆಳಗ್ಗೆ ಕಂಪನಿ ಬಸ್ಸು ಹತ್ತಿದನೆಂದರೆ ಮನೆ ಸೇರುವಾಗ ದೀಪ ಹಚ್ಚಿ ಆಗಿರುತ್ತದೆ. ಅವಳ ನೌಕರಿ ಮನೆಯಿಂದಲೇ, ಕಂಪ್ಯೂಟರ್ ಮುಂದೆ. ಒಂದು ದಿನ ಲಿಫ್ಟಿನಲ್ಲಿ ನಾನು ನಮ್ಮವರನ್ನು ಕನ್ನಡದಲ್ಲಿ ಬೈಯುತ್ತಿದ್ದೆ — ಪುಣೆಯಲ್ಲಿ ಇದೊಂದು ಅನುಕೂಲ, ಯಾರಿಗೂ ತಿಳಿಯುವುದಿಲ್ಲ. ಮೂಲೆಯಲ್ಲಿ ನಿಂತಿದ್ದ ಇವಳು ಬಾಯಿಗೆ ಕೈ ಹಿಡಿದು ನಕ್ಕುಬಿಟ್ಟಳು. ಅಲ್ಲಿಂದ ಪರಿಚಯ.

ಮೊಬೈಲಿನಲ್ಲಿ ಕನ್ನಡ ಬರೆಯುವುದನ್ನು ನನಗೆ ಕಲಿಸಿದವಳು ಅವಳು. ನನಗಾಗ ಎಪ್ಪತ್ತೊಂದು. ನನ್ನ ಒಂದು ಹೆಬ್ಬೆರಳು ಮೂರು ಅಕ್ಷರದ ಮೇಲೆ ಒಟ್ಟಿಗೆ ಕೂರುತ್ತಿತ್ತು.

“ಅಜ್ಜಿ, ಅದು ರೊಟ್ಟಿ ಅಲ್ಲ, ತಟ್ಟಬೇಡಿ. ಸುಮ್ನೆ ಮುಟ್ಟಿದ್ರೆ ಸಾಕು.”

“ಮುಟ್ಟಿದ್ರ ಕೇಳಂಗಿಲ್ಲವ್ವಾ ಇದು. ಥೇಟ್ ನಮ್ಮವರಂಗ ಅದ.”

ಒಳಗೆ ಪೇಪರ್ ಓದುತ್ತಿದ್ದ ನಮ್ಮವರು ಕೆಮ್ಮಿದರು. ಚೈತ್ರಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾಲ್ಕು ತಿಂಗಳು, ದಿನಾ ಅರ್ಧ ಗಂಟೆ. ಒಮ್ಮೆಯೂ ಬೇಸರದ ಮುಖ ಮಾಡಲಿಲ್ಲ. ನಾನು ಮೊದಲು ಪೂರ್ತಿಯಾಗಿ ಬರೆದದ್ದೇ ಒಂದು ಪ್ರೇಮದ ಕತೆ. ಅವಳು ಅದನ್ನು ಎರಡು ಸಲ ಓದಿದಳು. “ಇದನ್ನ ಜನ ಓದ್ಬೇಕು ಅಜ್ಜಿ” ಎಂದಳು. ಕತೆ ಓದುವ ಆ ಆ್ಯಪಿನಲ್ಲಿ ನನ್ನ ಹೆಸರು ಬಂದದ್ದು ಹಾಗೆ.

ಈ ಪುಟ ಕಟ್ಟಿದವಳೂ ಅವಳೇ. “ಜನ ಮೊದಲು ಲೇಖಕಿನ ಇಷ್ಟಪಡ್ತಾರೆ, ಆಮೇಲೆ ಪುಸ್ತಕ. ನಿಮ್ಮನ್ನ ಒಂದು ಬ್ರ್ಯಾಂಡ್ ಮಾಡಬೇಕು.”

“ಈ ವಯಸ್ಸಿನ್ಯಾಗ? ನನ್ನ ತೊಗೊಂಡು ಹೋಗೋರು ಗುಳಿಗಿ ಡಬ್ಬಿನೂ ಒಯ್ಯಬೇಕಾಗ್ತದ ಅಂತ ಮೊದಲೇ ಹೇಳಿಬಿಡು.”

‘ಪ್ರೇಮದಜ್ಜಿ’ ಎಂಬ ಹೆಸರು ಅವಳದು. ಇಳಕಲ್ ಸೀರೆ, ನತ್ತು, ಕಿವಿಯ ಹಿಂದೆ ಒಂದು ಶಾವಂತಿಗಿ — ನೀವು ಮೆಚ್ಚಿದ ಆ ಫೋಟೋ ಅವಳು ತೆಗೆದದ್ದು. ಭಾನುವಾರದ ವಿಡಿಯೋದಲ್ಲಿ ನಾನು ಕಣ್ಣು ಮಿಟುಕಿಸುತ್ತೇನಲ್ಲ, ಅದನ್ನು ಕಲಿಸಬೇಕಾಗಿರಲಿಲ್ಲ. ನಾನು ಬರೆದು ಅವಳಿಗೆ ಕಳಿಸುವುದು, ಅವಳು ತಿದ್ದಿ ಇಲ್ಲಿ ಹಾಕುವುದು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಇಲ್ಲಿ ಬಂದವರಿಗೆಲ್ಲ ಏನಾದರೊಂದು ವಸ್ತು ಕೊಡುವ ರೂಢಿ ಇದೆ. ಎಲ್ಲರೂ ಸ್ಟೀಲ್ ಬಟ್ಟಲು ಕೊಟ್ಟರೆ ನಾನು ಕತೆಯ ಮೊದಲ ಅಧ್ಯಾಯ ಛಾಪಿಸಿ ಕೊಟ್ಟೆ. ಕನ್ನಡ ಬಾರದ ಮರಾಠಿ ಹೆಂಗಸರಿಗೂ ಕೊಟ್ಟೆ. ಆ ಹಾಳೆಗಳನ್ನು ಮಡಚಿ, ಕೆಂಪು ದಾರ ಕಟ್ಟಿ, ಸಾಲಾಗಿ ಇಟ್ಟುಕೊಟ್ಟವಳು ಚೈತ್ರಾ.

ಇಷ್ಟೆಲ್ಲ ಮಾಡಿದವಳಿಗೆ ನಾನು ಏನು ಮಾಡಿದೆ —

ಅವಳೂ ಬರೆಯುತ್ತಿದ್ದಳು. ಅದೇ ಆ್ಯಪಿನಲ್ಲಿ, ವಾರಕ್ಕೊಂದು ಅಧ್ಯಾಯ, ಸದ್ದಿಲ್ಲದೆ. ಊರು ಬಿಟ್ಟು ಬಂದ ಒಬ್ಬ ಹುಡುಗಿ, ಅವಳನ್ನು ಪ್ರೀತಿಸುವ ಒಬ್ಬ ಹುಡುಗ. ಆ ಹುಡುಗ ದಿನಾ ಸಂಜೆ ಅವಳನ್ನು ಕೇಳುತ್ತಾನೆ — ಇವತ್ತು ನಿನ್ನ ಮನಸ್ಸಿಗೆ ಏನೇನು ಬಂತು? ಅಷ್ಟೇ. ಬೇರೆ ಏನೂ ದೊಡ್ಡದು ಮಾಡುವುದಿಲ್ಲ ಅವನು.

ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಅವಳು ಹೇಳಿದ್ದಳು: “ನಮ್ಮನೇಲಿ ಎರಡೇ ಪ್ರಶ್ನೆ ಅಜ್ಜಿ. ಹಾಲು ಬಂತಾ, ಗ್ಯಾಸ್ ಬಂತಾ. ಒಳ್ಳೆಯವರೇ ಅವರು. ಆದ್ರೆ ಅದಕ್ಕಿಂತ ಮುಂದೆ ಮಾತೇ ಬರಲ್ಲ. ಅದಕ್ಕೇ ನಾನು ಈ ಹುಡುಗನ್ನ ಬರೆದೆ.” ಹೇಳಿ ತನ್ನಷ್ಟಕ್ಕೆ ನಕ್ಕಳು. ಆ ನಗು ನನಗೆ ಸರಿ ಬರಲಿಲ್ಲ, ನಾನೂ ಮುಂದೆ ಕೇಳಲಿಲ್ಲ.

ಅವಳ ಕತೆ ಮೇಲೇರತೊಡಗಿತು. ನನ್ನದಕ್ಕಿಂತ ಹೆಚ್ಚು ಜನ ಓದುತ್ತಿದ್ದರು. ಅದನ್ನು ಹೇಗೋ ನುಂಗಿದ್ದೆ. ಆದರೆ ನಮ್ಮ ಭಜನೆಯ ಲೀಲಾ ಒಂದು ದಿನ ತಾಳ ಕೆಳಗಿಟ್ಟು ಎಂದಳು: “ಪದ್ದಕ್ಕ, ನಿನ್ನ ಕತಿ ಛಲೋ ಇರ್ತಾವ, ನಗು ಬರ್ತದ. ಆದ್ರ ಆ ಕೆಳಗಿನ ಮನಿ ಹುಡುಗಿ ಬರದದ್ದು ಓದಿ ನಾ ಅತ್ತೆ ನೋಡು. ನಮಗ ಯಾರರ ಹಂಗ ಕೇಳಿದ್ದಾರೇನು?”

ಇಲ್ಲ. ಯಾರೂ ಕೇಳಿರಲಿಲ್ಲ. ಐವತ್ತು ವರ್ಷದ ಸಂಸಾರದಲ್ಲಿ ನನ್ನನ್ನೂ ಯಾರೂ ಕೇಳಿರಲಿಲ್ಲ. ನಾನು ಅಷ್ಟೊಂದು ಪ್ರೇಮದ ಕತೆ ಬರೆದರೂ ಆ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆದಿತ್ತು. ಕಾರಣ ಎಂದು ಇದನ್ನು ಹೇಳುತ್ತಿಲ್ಲ. ಹೊಟ್ಟೆಯೊಳಗೆ ಏನು ಉರಿಯಿತು ಎಂದು ಹೇಳುತ್ತಿದ್ದೇನೆ, ಅಷ್ಟೇ.

ಮರುದಿನ ಊಟವಾದ ಮೇಲೆ ನಮ್ಮವರು ಮಲಗಿದ್ದರು. ನಾನು ಹೊಸ ಖಾತೆ ತೆರೆದೆ — ಯಾರ ಸಹಾಯವೂ ಇಲ್ಲದೆ. ಚೈತ್ರಾ ಕಲಿಸಿದ್ದನ್ನೆಲ್ಲ ಒಟ್ಟುಗೂಡಿಸಿ ನಾನೊಬ್ಬಳೇ ಮಾಡಿದ ಮೊದಲ ಕೆಲಸ ಅದು. ಹೆಸರು ಗುರುನಾಥ, ನಿವೃತ್ತ ಹೆಡ್ ಮಾಸ್ತರ. ಬಾಲ್ಕನಿಯ ದಾಸವಾಳದ ಫೋಟೋ ಹಾಕಿದೆ. ಹೆಡ್ ಮಾಸ್ತರ ಆಗಿ ಬರೆಯುವುದರಲ್ಲಿ ಒಂದು ಖುಷಿಯೂ ಇತ್ತು — ಸುಳ್ಳು ಯಾಕೆ ಹೇಳಲಿ.

ಬರೆದದ್ದು ಇದು: “ಇಂಥ ಪ್ರಶ್ನೆ ಕೇಳುವ ಗಂಡಸು ಲೋಕದಲ್ಲಿಲ್ಲ. ಮನೆಯಲ್ಲಿ ಯಾರೂ ಏನೂ ಕೇಳದ ಹೆಂಗಸರು ಮಾತ್ರ ಇಂಥವನನ್ನು ಕಲ್ಪಿಸಿಕೊಳ್ಳುತ್ತಾರೆ. ಲೇಖಕಿಯವರು ಹಾಲು ಬಂತೇ, ಗ್ಯಾಸ್ ಬಂತೇ ಎಂಬುದಕ್ಕೆ ಉತ್ತರ ಕೊಟ್ಟುಕೊಂಡಿರುವುದು ಉತ್ತಮ.”

ಕಳಿಸಿ, ಚಹಾ ಇಟ್ಟೆ.

ಎರಡು ದಿನ ಬಿಟ್ಟು ಚೈತ್ರಾ ಮೇಲೆ ಬಂದಳು. ಕಣ್ಣು ಊದಿತ್ತು. ಫೋನು ನನ್ನ ಕೈಗೆ ಕೊಟ್ಟು ಓದಿ ಎಂದಳು. ನಾನು ಬರೆದದ್ದನ್ನು ನಾನೇ, ಕನ್ನಡಕ ಹಾಕಿಕೊಂಡು, ಮೊದಲ ಸಲ ಓದುವವಳಂತೆ ನಿಧಾನವಾಗಿ —

“ಹಾಲು, ಗ್ಯಾಸ್ ಮಾತು ನಾನು ಇಬ್ಬರ ಹತ್ರ ಮಾತ್ರ ಆಡಿದೀನಿ” ಎಂದಳು. “ಒಂದು ನಿಮ್ಮ ಹತ್ರ. ಇನ್ನೊಂದು, ಒಂದ್ಸಲ ಜಗಳದಲ್ಲಿ, ಅವರ ಹತ್ರ. ನೀವಂತೂ ಅಲ್ಲ. ಅಂದ್ರೆ ಅವರೇ ಬೇರೆ ಹೆಸರಲ್ಲಿ ಬರೆದಿದ್ದಾರೆ. ಅಲ್ವಾ ಅಜ್ಜಿ?”

ಆಗ ಹೇಳಬಹುದಿತ್ತು. ಅಲ್ಲವ್ವಾ, ಅವನಲ್ಲ, ನಾನು — ಇಷ್ಟೇ ಸಾಕಿತ್ತು. ಹೋಗಲಿ, ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟು ಹೇಳಿದೆ:

“ಇರಬಹುದು.”

ಆ ಶಬ್ದ ಅದು.

ಮರುದಿನ ಅವಳ ಕಾದಂಬರಿ ಆ್ಯಪಿನಿಂದ ಮಾಯವಾಯಿತು. ಮುಗಿಯಲು ಮೂರು ಅಧ್ಯಾಯ ಬಾಕಿ ಇತ್ತು. ಗಂಡನನ್ನು ಅವಳು ಕೇಳಲಿಲ್ಲ. ಕೇಳಿ, ಅವನು ಹೌದು ಎಂದುಬಿಟ್ಟರೆ ಒಂದೇ ಮನೆಯಲ್ಲಿ ಹೇಗೆ ಇರುವುದು ಎಂಬ ಭಯ ಅವಳಿಗೆ. ಮೇಜಿನ ಮೇಲೆ ಊಟ ಮುಚ್ಚಿಟ್ಟು ಒಳಗೆ ಹೋಗುವುದು ರೂಢಿಯಾಯಿತು. ನನಗೆ ಎಲ್ಲ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿದ್ದೆ.

ಹೀಗೆ ಒಂದೂವರೆ ವರ್ಷ. ತನ್ನದನ್ನು ನಿಲ್ಲಿಸಿದವಳು ನನ್ನದಕ್ಕೆ ಪೂರ್ತಿ ನಿಂತಳು. ನನ್ನ ಕತೆಗಳನ್ನು ಒಟ್ಟು ಮಾಡಿ ಪುಸ್ತಕ ಮಾಡಿಸಿದಳು. ಶಿವಾಜಿನಗರದ ಸಣ್ಣ ಸಭಾಂಗಣದಲ್ಲಿ ಬಿಡುಗಡೆ ಇಟ್ಟಾಗ ಪುಸ್ತಕದ ಗಂಟುಗಳನ್ನು ಸ್ಕೂಟರಿನಲ್ಲಿ ಎರಡು ಸಲ ಹೊತ್ತು ತಂದಳು. ವೇದಿಕೆ ಮೇಲೆ ನಿಂತು, “ನನಗೆ ಪುಣೆಯಲ್ಲಿ ತವರು ಅಂತ ಇದ್ರೆ ಅದು ನಮ್ಮ ಮೇಲಿನ ಮನೆ” ಎಂದಳು. ನೀವು ಚಪ್ಪಾಳೆ ತಟ್ಟಿದಿರಿ. ನಾನು ತಲೆ ತಗ್ಗಿಸಿದೆ. ನಾಚಿಕೆ ಪ್ರೇಮದಜ್ಜಿಗೆ ಒಪ್ಪುತ್ತದೆ ಎಂದು ನಿಮ್ಮಲ್ಲಿ ಯಾರೋ ಆ ಫೋಟೋದ ಕೆಳಗೆ ಬರೆದಿದ್ದರು.

ಹೋದ ತಿಂಗಳ ಕೊನೆಗೆ ಎರಡನೆಯ ಪುಸ್ತಕದ ಮುಖಪುಟಗಳ ಪಾರ್ಸೆಲ್ ಬಂತು. ಗೇಟಿನಿಂದ ವಿನಯ್ ಅದನ್ನು ಮೇಲೆ ತಂದುಕೊಟ್ಟ. ಕೊಟ್ಟವನು ಹೋಗದೆ ಬಾಗಿಲಲ್ಲೇ ನಿಂತ.

“ಅಜ್ಜಿ, ಒಂದು ಕೇಳ್ಲಾ? ಚೈತ್ರಾ ಬರೀತಿದ್ದ ಕತೆ... ಆ ಹುಡುಗಿ ಕೊನೆಗೆ ಊರಿಗೆ ವಾಪಸ್ ಹೋಗ್ತಾಳಾ? ನಿಮಗೆ ಹೇಳಿರ್ತಾಳೆ ಅವಳು.”

ಪಾರ್ಸೆಲ್ ಕೆಳಗಿಟ್ಟೆ. “ನೀ ಓದಿದ್ದೇನಪಾ?”

“ಬಸ್ಸಲ್ಲಿ. ಹೋಗ್ತಾ ಒಂದ್ಸಲ, ಬರ್ತಾ ಅದೇ ಅಧ್ಯಾಯ ಇನ್ನೊಂದ್ಸಲ. ಕುರಕುಂಭ ದೂರ ಅಲ್ವಾ.”

“ಅಕೀಗೆ ಹೇಳಬೇಕಿತ್ತಲ್ಲೋ.”

“ನನಗೆ ಹೇಳೋಕೆ ಬರಲ್ಲ ಅಜ್ಜಿ. ಮುಗಿದ್ಮೇಲೆ ಹೇಳೋಣ ಅಂತಿದ್ದೆ, ಮುಗೀಲೇ ಇಲ್ಲ.” ಚಪ್ಪಲಿಯ ತುದಿ ನೋಡುತ್ತ ಮೆಲ್ಲಗೆ ಸೇರಿಸಿದ: “ಅದರಲ್ಲಿ ಅವನು ದಿನಾ ಕೇಳ್ತಾನಲ್ಲ, ಅದನ್ನ ನಾನೂ ಕೇಳ್ಬೇಕು ಅಂತ ರೆಡಿ ಆಗ್ತಿದ್ದೆ. ಅಷ್ಟರಲ್ಲಿ ಅವಳು ಮಾತೇ ನಿಲ್ಲಿಸಿಬಿಟ್ಳು. ಏನು ತಪ್ಪು ಮಾಡಿದ್ನೋ ಗೊತ್ತಿಲ್ಲ.”

ಅವನು ಹೋದ ಮೇಲೂ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ನಾಲ್ಕು ದಿನ — ಅದೂ ನನ್ನ ಲೆಕ್ಕಕ್ಕೇ ಸೇರಲಿ. ಐದನೆಯ ದಿನ ಸಂಜೆ ಕೆಳಗೆ ಹೋಗಿ ಚೈತ್ರಾಳ ಮುಂದೆ ಕೂತು ಎಲ್ಲ ಹೇಳಿದೆ. ಬಸ್ಸಿನಲ್ಲಿ ಅವನು ಓದುತ್ತಿದ್ದದ್ದನ್ನು ಮಾತ್ರ ಹೇಳಲಿಲ್ಲ. ಅದು ನಾನು ಹೇಳುವ ಮಾತಲ್ಲ, ಅವನದು. ಇಲ್ಲಿ ಬರೆಯಲು ಆಮೇಲೆ ಅವನ ಒಪ್ಪಿಗೆ ಕೇಳಿದೆ; “ಬರೀರಿ” ಎಂದಷ್ಟೇ ಹೇಳಿದ.

ಅವಳು ಫೋನು ಮಗುಚಿಟ್ಟಳು. “ಆ ವಿಮರ್ಶೆ ಬಿಡಿ ಅಜ್ಜಿ. ಹೊಟ್ಟೆಕಿಚ್ಚು ಯಾರಿಗಿಲ್ಲ” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಇರಬಹುದು ಅಂದ್ರಲ್ಲ. ನನ್ನ ಬೆನ್ನು ಸವರಿಕೊಂಡು ಅಂದ್ರಲ್ಲ.”

 

ಎದ್ದು ಹೋಗಿ ಒಂದು ಚೀಟಿ ತಂದಳು. ಈ ಪುಟದ ಪಾಸ್‌ವರ್ಡ್. “ಇನ್ಮೇಲೆ ನೀವೇ ನೋಡ್ಕೊಳ್ಳಿ. ನಾನು ಸ್ವಲ್ಪ ದಿನ ಮೇಲೆ ಬರಲ್ಲ. ಅವರಿಗೆ ನೀವೇ ಹೇಳ್ಬೇಕು. ನನ್ನ ಕೈಲಾಗಲ್ಲ.”

ಚೈತ್ರಾ, ನೀನು ನನ್ನನ್ನು ಕ್ಷಮಿಸಬೇಕು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಇಷ್ಟೊಂದು ಜನರ ಮುಂದೆ ಹಾಗೆ ಕೇಳಿದರೆ ನಿನಗೆ ಇಲ್ಲ ಎನ್ನುವುದು ಕಷ್ಟವಾಗುತ್ತದೆ. ನಾನು ಬರೆಯುವುದು ಋಣದ ಮಾತು ಮಾತ್ರ. ಎಪ್ಪತ್ತು ದಾಟಿದ ಮುದುಕಿಗೆ ಅಕ್ಷರ ಕೊಟ್ಟೆ, ಹೆಸರು ಕೊಟ್ಟೆ, ಓದುವವರನ್ನು ಕೊಟ್ಟೆ. ಹುಟ್ಟಿದಾಗಿನಿಂದ ನನ್ನ ಮಾತಿಗೆ ಇಷ್ಟು ಜನ ಕಿವಿಗೊಟ್ಟದ್ದು ನಿನ್ನಿಂದ. ಅದನ್ನು ನಾನು ತೀರಿಸಿದ ರೀತಿ ಇದು. ಓದುಗರೇ, ನನ್ನ ಪುಸ್ತಕ ಹಿಡಿದಾಗಲೆಲ್ಲ ಅವಳನ್ನು ನೆನೆಯಿರಿ. ನನ್ನನ್ನು ನೆನೆದರೆ ಗುರುನಾಥನ ಜೊತೆಗೆ ನೆನೆಯಿರಿ.

ಚೈತ್ರಾ ಆ ಚೀಟಿ ಕೊಟ್ಟ ಮರುದಿನ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಗೇಟಿನ ಹತ್ತಿರ ನಿಂತೆ. ವಿನಯ್ ಬಂದ, ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು. ಬಸ್ಸೂ ಬಂತು. ಬಸ್ಸು ಬಂದ ಮೇಲೆ ಹೇಳುವುದು ಸರಿಯಲ್ಲ, ನಾಳೆ ಹೇಳಿದರಾಯಿತು ಎಂದು ಮನಸ್ಸು ಒಳಗೊಳಗೇ ಹೇಳುತ್ತಿತ್ತು. ಆದರೂ ಹೇಳಿದೆ. ಮೂರೇ ವಾಕ್ಯ. ಅಕಿ ಕತಿ ಕೆಳಗ ಆ ಕೆಟ್ಟ ಮಾತು ಬರದಾಕಿ ನಾ. ಅಕಿ ನಿನ್ನ ಮ್ಯಾಲೆ ಸಂಶೆ ಮಾಡಿದ್ಳು. ನಾ ಇರಬಹುದು ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ. ತಿರುಗಿ ನಡೆದ, ಆಮೇಲೆ ಓಡಿದ. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತುವ ಸದ್ದು ಕೆಳಗಿನವರೆಗೂ ಕೇಳಿಸಿತು.

ಡ್ರೈವರ್ ಹಾರ್ನ್ ಹೊಡೆದ. “ಸಾಹೇಬ್ ಯೇತಾತ್ ಕಾ, ಆಜಿ?” — ಸಾಹೇಬರು ಬರುತ್ತಾರೇನಜ್ಜಿ ಎಂದು.

“ಆಜ್ ನಾಹೀ” ಎಂದೆ, ಇವತ್ತು ಇಲ್ಲ ಎಂದು. ಬಸ್ಸು ಹೋಯಿತು.

ಅದಾಗಿ ಆರು ದಿನ. ಕೆಳಗಿನ ಮನೆಯಲ್ಲಿ ಏನು ಮಾತಾಯಿತು, ಆಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಕತೆ ಬರೆಯುವ ಕೈ ಇದು — ಸುಮ್ಮನಿರುವುದಿಲ್ಲ, ಬಾಗಿಲು ತೆಗೆದಳು, ಅವನು ಕೇಳಿದ, ಅವಳು ಎಂದಳು ಎಂದು ಒಳಗೇ ಬರೆಯಲು ಶುರುಮಾಡುತ್ತದೆ. ಪ್ರತಿ ಸಲ ನಿಲ್ಲಿಸುತ್ತೇನೆ. ಅದು ಅವರಿಬ್ಬರದು. ನಾನು ಬರೆಯುವುದಿಲ್ಲ.